ಘಟಪ್ರಭೆಯ ಡಾಕ್ಟರು

ನಮ್ಮ ಗೋಕಾಕ ತಾಲೂಕಿನಲ್ಲಿ ಘಟಪ್ರಭಾ ಎಂದೊಡನೆ ಹೆಣ್ಣುಮಕ್ಕಳಿಗೆ ನೆನಪಾಗುವುದು ಅಲ್ಲಿಯ ಕರ್ನಾಟಕ ಆರೋಗ್ಯಧಾಮ. ಅದನ್ನು ಬೆಳೆಸಿದವರಲ್ಲೊಬ್ಬರಾದ ಡಾ. ನಾ. ಸು. ಹರ್ಡೀಕರರ ಬದುಕು ನನ್ನನ್ನು ಮತ್ತೆ ಮತ್ತೆ ಯೋಚನೆಗೆ ಹಚ್ಚುತ್ತದೆ.

1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಕಲಿತದ್ದು ರೋಗದ ವಿಷಯ. ಆದರೆ ದೇಶವೇ ಪರರ ಕೈಯಲ್ಲಿತ್ತಲ್ಲ! 1917ರಲ್ಲಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾದರು. ನಮಗೂ ಸ್ವರಾಜ್ಯ ಬೇಕೆಂದು ಪರದೇಶದ ಜನರಿಗೆ ತಿಳಿಹೇಳಿದರು. 1921ರಲ್ಲಿ ಮರಳಿ ಬಂದು, 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ. ಅಲ್ಲಿ ಉಮಾಬಾಯಿ ಕುಂದಾಪುರರ ಕರೆಗೆ ಓಗೊಟ್ಟು ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಸ್ವಯಂಸೇವಕಿಯರಾದರು.

ಕಾಲ ತಿರುಗಿತು. 1982ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪತ್ನಿ ರೋಸಲಿನ್ ಜೊತೆ ಸ್ಥಾಪಿಸಿದ ಕೇಂದ್ರ ಪರದೇಶಗಳ ಚುನಾವಣೆಗಳನ್ನು ವೀಕ್ಷಿಸುತ್ತದೆ. ನಾರುಹುಣ್ಣಿನ ವಿರುದ್ಧವೂ ಹೋರಾಡುತ್ತದೆ. 1986ರಲ್ಲಿ ಸುಮಾರು 35 ಲಕ್ಷ ಜನರನ್ನು ಕಾಡಿದ ಆ ರೋಗ 2024ರಲ್ಲಿ 15 ಜನರಿಗೆ ಇಳಿಯಿತು. ಉತ್ತರ ಕರ್ನಾಟಕದಲ್ಲೂ ಇದ್ದ ಪಿಡುಗದು; ಭಾರತ ಅದರಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಅದಕ್ಕೆ ಲಸಿಕೆಯಿಲ್ಲ. ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯಬೇಕು, ಹುಣ್ಣಾದವರು ಕುಡಿಯುವ ನೀರಿಗೆ ಇಳಿಯಬಾರದು.

ಸೋಸುವ ಕೈ ಯಾರದು? ನೀರು ಹೊತ್ತವಳದೇ. ಆರೋಗ್ಯವಾಗಲಿ ಸ್ವರಾಜ್ಯವಾಗಲಿ ಹೊರಗಿನವರು ಕೊಟ್ಟುಹೋಗುವ ದಾನವಲ್ಲ. ಕೊಡ ಹೊತ್ತವಳ ಮಾತು ಊರ ಪಂಚಾಯಿತಿಯಲ್ಲಿ ನಡೆಯದಿದ್ದರೆ ಎರಡೂ ಬಹಳ ದಿನ ನಿಲ್ಲವು.