ಸವಾರಿ ಬಂಡಿ: ಕೂರುವವರ ಬಯಕೆ, ಎಳೆಯುವ ಎತ್ತಿನ ಹೆಗಲು

ದಸರೆಯಲ್ಲಿ ದೇವರಗುಡ್ಡದ ಕಾರ್ಣಿಕಕ್ಕೆ, ಭಾರತ ಹುಣ್ಣಿಮೆಯಲ್ಲಿ ತುಂಗಭದ್ರೆಯ ಆಚೆ ದಡದ ಮೈಲಾರಕ್ಕೆ ಹಿಂದೆ ಹೇಗೆ ಹೋಗುತ್ತಿದ್ದರು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಿರಿಯರನ್ನು ಕೇಳಿದರೆ ಸವಾರಿ ಬಂಡಿಯ ಮಾತು ಬರುತ್ತದೆ. ಹೊಲಕ್ಕೆ ಗೊಬ್ಬರ, ಪೇಟೆಗೆ ಮೆಣಸಿನಕಾಯಿ ಹೊರುವ ಚಕ್ಕಡಿಗೇ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿದರೆ ಸವಾರಿಗೆ ಸಿದ್ಧ. ಜಾತ್ರೆಯಲ್ಲಿ ಅದೇ ಬಿಡಾರ. ಮೆತ್ತೆಯಾಗಿದ್ದ ಹುಲ್ಲೇ ಎತ್ತುಗಳಿಗೆ ಮೇವು.

ಇಂಥ ಬಂಡಿಯಲ್ಲಿ ಕೂತವರ ಬಯಕೆಗಳು ಮುಖ್ಯವಾಗಿ ಮೂರು: ಕುಲುಕಾಟ ತಗ್ಗಬೇಕು, ಗಾಲಿ ಹಗುರಾಗಿ ಉರುಳಬೇಕು, ಇಳಿಜಾರಿನಲ್ಲಿ ಹಿಡಿತವಿರಬೇಕು. ಮೂರೂ ಭೌತವಿಜ್ಞಾನದ ಪ್ರಶ್ನೆಗಳೇ.

ಮೊದಲು ಗಾಲಿಯನ್ನು ನೋಡೋಣ. ವಿದ್ಯುದಾವೇಶಗಳ ನಿಯಮದಿಂದ ನಿಮಗೆ ಪರಿಚಿತನಾದ ಫ್ರಾನ್ಸಿನ ಕೂಲಾಂ, 18ನೆಯ ಶತಮಾನದ ಕೊನೆಯಲ್ಲಿ ಉರುಳುವಿಕೆಯ ಘರ್ಷಣೆಯನ್ನೂ ಅಳೆದ. ಗಾಲಿ ದೊಡ್ಡದಾದಷ್ಟೂ ತಡೆ ಕಡಿಮೆ ಎಂದು ಕಂಡುಕೊಂಡ. ನಮ್ಮ ಬಡಿಗರು ಆಳೆತ್ತರದ ಗಾಲಿ ಮಾಡುತ್ತಿದ್ದುದು ಇದಕ್ಕೆ ಒಪ್ಪುವಂತಿದೆ. ಕಮ್ಮಾರರು ಅದಕ್ಕೆ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸುತ್ತಿದ್ದರು. ಗಾಲಿಯ ವ್ಯಾಸ 1.5 ಮೀಟರ್ ಎಂದಿಟ್ಟುಕೊಳ್ಳಿ. ಹಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸುತ್ತಳತೆ ಸುಮಾರು 28 ಮಿಲಿಮೀಟರ್ ಹಿಗ್ಗುತ್ತದೆ. ನೀರೆರೆದಾಗ ಕುಗ್ಗಿ ಮರವನ್ನು ಬಿಗಿಹಿಡಿಯುತ್ತದೆ. ಗಾಲಿ ಗಟ್ಟಿಯಾಯಿತು, ನಿಜ. ಆದರೆ ಕಿರಿದಾದ ಹಳಿ ಮಳೆಗಾಲದ ಎರೆಮಣ್ಣಿನಲ್ಲಿ ಹೂತುಹೋಗುತ್ತದೆ. ಗಟ್ಟಿ ದಾರಿಯಲ್ಲಿ ಪ್ರತಿ ಕಲ್ಲಿನ ಪೆಟ್ಟನ್ನೂ ಮೇಲಕ್ಕೆ ದಾಟಿಸುತ್ತದೆ.

ಸ್ಪ್ರಿಂಗ್ ಹಾಕಬಹುದಿತ್ತಲ್ಲ? ಟಾಂಗಾಗಳಿಗೆ ಹಾಕಿದ್ದರು. ಆದರೆ ಟಾಂಗಾ ಹೊರುವುದು ಜನರನ್ನು ಮಾತ್ರ. ನಾಲ್ಕು ಜನರಿಗೆ ಹಿತವಾಗುವಷ್ಟು ಮೆತ್ತಗಿನ ಸ್ಪ್ರಿಂಗ್ ಹತ್ತು ಚೀಲ ಜೋಳಕ್ಕೆ ಕುಸಿದು ಕೂರುತ್ತದೆ. ರೈತನಿಗಿದ್ದುದು ಒಂದೇ ಬಂಡಿ.

ಗಾಳಿ ತುಂಬಿದ ಟೈರು ಇನ್ನೊಂದು ಪರಿಹಾರ. 1845ರಲ್ಲಿ ರಾಬರ್ಟ್ ಥಾಮ್ಸನ್ ಪೇಟೆಂಟ್ ಪಡೆದಾಗ ಅದು ಕುದುರೆಗಾಡಿಗಳಿಗಾಗಿತ್ತು. 1888ರಲ್ಲಿ ಅದನ್ನು ಮತ್ತೆ ರೂಪಿಸಿದ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ! ಟೈರಿನ ಬಂಡಿ ಮೆತ್ತನೆಯ ನೆಲದಲ್ಲೂ ಹೂಳದೆ ಸಾಗುತ್ತದೆ. ಆದರೆ ಜಾಲಿಮುಳ್ಳಿಗೆ ಪಂಕ್ಚರ್ ಆದರೆ ಊರಿನ ಕಮ್ಮಾರ ಏನೂ ಮಾಡಲಾರ. ಹಗುರಾಗಿ ಉರುಳುವುದರಲ್ಲೂ ಅಪಾಯವಿದೆ. 20ಕ್ಕೆ 1ರ ಇಳಿಜಾರಿನಲ್ಲಿ 1 ಟನ್ ತೂಕದ ಬಂಡಿಯನ್ನು ಸುಮಾರು 50 ಕಿಲೋಗ್ರಾಂ ತೂಕದಷ್ಟು ಬಲ ಕೆಳಕ್ಕೆ ತಳ್ಳುತ್ತದೆ. ಹಳೆಯ ಅಚ್ಚಿನ ಘರ್ಷಣೆ ಅದರಲ್ಲಿ ಒಂದಿಷ್ಟನ್ನು ತಡೆಯುತ್ತಿತ್ತು. ಬೇರಿಂಗ್ ಹಾಕಿ ಬ್ರೇಕ್ ಹಾಕದಿದ್ದರೆ ಆ ನೂಕು ಎತ್ತುಗಳ ಮೇಲೆಯೇ.

1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ, ಬಂಡಿಯ ಸುಧಾರಣೆ ಎಂದರೆ ಎತ್ತಿನ ನೋವನ್ನು ಕಡಿಮೆ ಮಾಡುವುದೂ ಹೌದೆಂದು ಪಟ್ಟುಹಿಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಎಚ್.ಆರ್. ನಾಗೇಂದ್ರ 1979ರಲ್ಲಿ ಎರಡು ಗಾಲಿಯ ಬಂಡಿಯ ವಿಶ್ಲೇಷಣೆಯನ್ನು ಪ್ರಕಟಿಸಿದರು. ಆದರೆ ಸುಧಾರಿತ ಬಂಡಿ ಊರೂರಿಗೆ ತಲುಪುವ ಮೊದಲೇ ಜಾತ್ರೆಯ ದಾರಿಯಲ್ಲಿ ಟ್ರಾಕ್ಟರು, ಟೆಂಪೋಗಳು ಬಂದವು. ಉಳಿದ ಚಕ್ಕಡಿಗಳಲ್ಲಿ ಟೈರಿನವೂ ಇವೆ, ಹಳಿಯವೂ ಇವೆ.

ಖರ್ಚಿಲ್ಲದ ಸುಧಾರಣೆಯೊಂದನ್ನು ನೀವೇ ಲೆಕ್ಕಹಾಕಿ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರವಿರಲಿ. 300 ಕಿಲೋಗ್ರಾಂ ತೂಗುವ ಸವಾರರು 30 ಸೆಂಟಿಮೀಟರ್ ಮುಂದೆ ಸರಿದರೆ ನೊಗದ ಮೇಲೆ 30 ಕಿಲೋಗ್ರಾಂ, ಅಂದರೆ ಒಂದೊಂದು ಎತ್ತಿನ ಹೆಗಲಿಗೆ 15 ಕಿಲೋಗ್ರಾಂ, ಹೆಚ್ಚುತ್ತದೆ. ತೀರ ಹಿಂದೆ ಸರಿದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮುಂದಿನ ಸಲ ಚಕ್ಕಡಿ ಏರಿದಾಗ, ನಿಮಗೆ ಹಿತವಾದ ಜಾಗ ಹುಡುಕುವ ಮೊದಲು ಅಚ್ಚು ಎಲ್ಲಿದೆಯೆಂದು ನೋಡಿ.