ಮುಕ್ತ

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ದುಡ್ಡು ಕೊಡದೆ ಸಿಕ್ಕಿದ್ದು ‘ಪುಕ್ಕಟೆ’, ಇಲ್ಲವೇ ‘ಬಿಟ್ಟಿ’. ಪುಕ್ಕಟೆ ಮರಾಠಿಯ ‘ಫುಕಟ್’ನ ನೆಂಟ. ಬಿಟ್ಟಿಯ ಬೇರು ಸಂಸ್ಕೃತದ ‘ವಿಷ್ಟಿ’, ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಂಡ ದುಡಿಮೆ. ‘ಉಚಿತ’ಕ್ಕೆ ಸಂಸ್ಕೃತದಲ್ಲಿ ತಕ್ಕುದು ಎಂದರ್ಥ, ‘ಔಚಿತ್ಯ’ದಲ್ಲಿ ಅದು ಇನ್ನೂ ಉಳಿದಿದೆ. ಲಿನಕ್ಸ್‌ನಂಥ ತಂತ್ರಾಂಶಕ್ಕೆ ಈ ಮೂರೂ ಸಾಲವು.

ಸಲ್ಲುವ ಪದ ‘ಮುಕ್ತ’. ‘ಮುಚ್’ ಧಾತುವಿನಿಂದ ಬಂದದ್ದು: ಬಿಡಿಸಿದ್ದು, ಕಟ್ಟು ಕಳಚಿದ್ದು. ಋಣಮುಕ್ತ ಎನ್ನುವಾಗ ಇರುವುದೂ ಇದೇ ನಿರಾಳ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಮುಕ್ತ ತಂತ್ರಾಂಶಕ್ಕಾಗಿ ಗ್ನೂ ಯೋಜನೆ ಸಾರಿದಾಗಿನಿಂದ ಇಂಗ್ಲಿಷಿನಲ್ಲಿ ‘ಫ್ರೀ’ ಎಂದರೆ ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದು ಬಿಡಿಸಿ ಹೇಳುತ್ತಲೇ ಇರಬೇಕಾಗಿದೆ. ಕನ್ನಡಕ್ಕೆ ಆ ತೊಡಕಿಲ್ಲ. ಇದು ನಮ್ಮ ನುಡಿಯ ಭಾಗ್ಯವೆಂದೇ ನನ್ನ ನಂಬಿಕೆ. ಮುಕ್ತ ತಂತ್ರಾಂಶವನ್ನು ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.

ಉದಾಹರಣೆಗೆ, ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಕೂತ ವಿದ್ಯಾರ್ಥಿ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡನೆನ್ನಿ. ‘ಐಪಿ ನೆಟ್‌ಎನ್‌ಎಸ್ ಆ್ಯಡ್’ ಎಂಬ ಆದೇಶವನ್ನು ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ಕೊಟ್ಟರೆ ಒಂದೇ ಯಂತ್ರದೊಳಗೆ ಎರಡು ಪ್ರತ್ಯೇಕ ಜಾಲಗಳು. ನಡುವೆ ತಂತ್ರಾಂಶದ್ದೇ ತಂತಿ ಎಳೆದು, ಎರಡೂ ತುದಿಗೆ ವಿಳಾಸ ಕೊಟ್ಟು ಚಾಲೂ ಮಾಡಿ ‘ಪಿಂಗ್’ ಎಂಬ ಪರೀಕ್ಷಾ ಸಂದೇಶ ಕಳಿಸಿದರೆ ಆಚೆಯಿಂದ ಉತ್ತರ ಬರುತ್ತದೆ. ಕೆಟ್ಟರೆ ಅಳಿಸಿ ಮತ್ತೆ ಶುರು. ಜಾಲದ ತುದಿಗಳನ್ನು ಕೂಡಿಸುವ ಸ್ವಿಚ್ ಬೇಕೆಂದರೆ ಓಪನ್ ವಿಸ್ವಿಚ್ ಎಂಬ ಮುಕ್ತ ತಂತ್ರಾಂಶವಿದೆ. ಅದರ ಆಕರವನ್ನೂ ಸಾಲುಸಾಲಾಗಿ ಓದಬಹುದು.