ರಾಮನ್ ಅವರ ಮೊದಲ ಪ್ರಬಂಧ: ‘ಗುರುವಿಲ್ಲದ ವಿದ್ಯೆ’ಯ ಮರುವಿಚಾರ

ಸಿ. ವಿ. ರಾಮನ್ ಅವರ ಬಾಲ್ಯ, ವಿದ್ಯಾಭ್ಯಾಸಗಳ ಮುಖ್ಯ ಸಂಗತಿಗಳಲ್ಲಿ ಚರಿತ್ರಕಾರರಿಗೆ ತಕರಾರಿಲ್ಲ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿ ಬಳಿಯ ತಿರುವಾನೈಕಾವಲ್‌ನಲ್ಲಿ ಜನನ; ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರು. 11ನೇ ವಯಸ್ಸಿಗೆ ಮೆಟ್ರಿಕ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಯೂಕ್ಲಿಡ್ ಮತ್ತು ಹೆಲ್ಮ್‌ಹೋಲ್ಟ್ಸ್ ತಮ್ಮನ್ನು ರೂಪಿಸಿದರೆಂದು ರಾಮನ್ ಅವರೇ ಬರೆದಿದ್ದಾರೆ.

ತಕರಾರು ಇರುವುದು ಇವುಗಳಿಂದ ತೆಗೆಯುವ ತೀರ್ಮಾನದಲ್ಲಿ. ಜನಪ್ರಿಯ ಚರಿತ್ರೆಗಳಲ್ಲಿ ರಾಮನ್ ಗುರುವಿಲ್ಲದೆ, ಕಾಲೇಜನ್ನು ಮೀರಿ ಬೆಳೆದ ಸ್ವಯಂಭೂ ಪ್ರತಿಭೆ. ಇದಕ್ಕೆ ಕೊಡುವ ಆಧಾರ ಎರಡು. ಎಂ.ಎ. ಓದಿನ ಎರಡು ವರ್ಷಗಳಲ್ಲಿ ಪ್ರಾಧ್ಯಾಪಕ ಜೋನ್ಸ್ ಅವರ ಒಂದೇ ಒಂದು ಪಾಠ ಕೇಳಿದ್ದಾಗಿ ರಾಮನ್ ನೆನೆದಿರುವುದು ಮೊದಲನೆಯದು. ಅವರ ಮೊದಲ ಪ್ರಬಂಧದ ಹಸ್ತಪ್ರತಿ ಜೋನ್ಸ್ ಕೈಯಲ್ಲಿ ತಿಂಗಳುಗಟ್ಟಲೆ ಅಭಿಪ್ರಾಯವಿಲ್ಲದೆ ಉಳಿದದ್ದು, ಕೊನೆಗೆ ರಾಮನ್ ತಾವೇ ಅದನ್ನು ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ಗೆ ಕಳಿಸಿದ್ದು ಎರಡನೆಯದು. ಪ್ರಬಂಧ 1906ರ ನವೆಂಬರಿನಲ್ಲಿ ಅಚ್ಚಾಯಿತು.

ಈ ಸಂಗತಿಗಳನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನಲ್ಲ. ಕಾರಣ ಪ್ರಬಂಧದ ವಸ್ತುವಿನಲ್ಲೇ ಇದೆ. ಸ್ಪೆಕ್ಟ್ರೋಮೀಟರಿನಿಂದ ಪಟ್ಟಕದ ಕೋನ ಅಳೆಯುವುದು ಭೌತಶಾಸ್ತ್ರದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಮಾಡಲೇಬೇಕಾದ ಅಭ್ಯಾಸ. ಪಟ್ಟಕದ ಎರಡು ಮುಖಗಳಿಂದ ಪ್ರತಿಫಲಿಸಿದ ಸೀಳುಕಂಡಿಯ ಬಿಂಬಗಳನ್ನು ದೂರದರ್ಶಕದಲ್ಲಿ ಹಿಡಿದು, ಅಳತೆಗಳ ವ್ಯತ್ಯಾಸವನ್ನು ಅರ್ಧ ಮಾಡಿದರೆ ಕೋನ ಸಿಕ್ಕಿತು, ಕೆಲಸ ಮುಗಿಯಿತು. ರಾಮನ್ ಅಲ್ಲಿಗೆ ನಿಲ್ಲಲಿಲ್ಲ. ಬೆಳಕು ಮುಖಕ್ಕೆ ತೀರ ಓರೆಯಾಗಿ ಬಿದ್ದಾಗ ಆ ಮುಖವೇ ಕಿರಿದಾದ ಆಯತಾಕಾರದ ರಂಧ್ರದಂತೆ ವರ್ತಿಸುತ್ತದೆ, ಬಿಂಬದ ಇಕ್ಕೆಲಗಳಲ್ಲೂ ವಿವರ್ತನೆಯ ಪಟ್ಟೆಗಳು ಮೂಡುತ್ತವೆ. ಪಠ್ಯಪುಸ್ತಕದ ಸರಳ ಸೂತ್ರದ ಪ್ರಕಾರ ಎರಡೂ ಬದಿಯ ಪಟ್ಟೆಗಳು ಒಂದೇ ಅಗಲ ಇರಬೇಕು. ಅವರು ಕಂಡ ಪಟ್ಟೆಗಳು ಅಸಮವಾಗಿದ್ದವು. ಪಥವ್ಯತ್ಯಾಸ ಕೋನದ ಸೈನ್ ಮೌಲ್ಯವನ್ನು ಅನುಸರಿಸುತ್ತದೆ. ಓರೆ ಹೆಚ್ಚಿದಂತೆ ಕೋನದ ಸಮಾನ ಹೆಜ್ಜೆಗಳಿಗೆ ಸೈನ್ ಸಮಾನವಾಗಿ ಬದಲಾಗುವುದಿಲ್ಲ. ಅಸಮತೆಯ ಮೂಲ ಇದು.

ಅಂದರೆ ಈ ಸಂಶೋಧನೆ ಹುಟ್ಟಿದ್ದು ಪಠ್ಯಕ್ರಮದ ಹೊರಗಲ್ಲ, ಅದರ ಅತ್ಯಂತ ಸಾಮಾನ್ಯ ಅಭ್ಯಾಸವೊಂದರ ಒಳಗೆ. ಉಪಕರಣ ಕಾಲೇಜಿನದು, ಅಭ್ಯಾಸವೂ ಕಾಲೇಜಿನದು. ಪಾಠದ ಕೋಣೆಯಿಂದ ಬಿಡುಗಡೆ ಸಿಕ್ಕಿದ್ದರಿಂದಲೇ ಪ್ರಯೋಗದ ಮೇಜಿನ ಮುಂದೆ ಹೊತ್ತು ಸಿಕ್ಕಿತು. ಜೋನ್ಸ್ ಕೊಟ್ಟ ಈ ಸ್ವಾತಂತ್ರ್ಯವೂ ಒಂದು ಬಗೆಯ ಶಿಕ್ಷಣವೇ ಎಂಬುದು ನನ್ನ ವಾದ.

ಈ ಮಾತನ್ನು ಅಳತೆ ಮೀರಿ ಎಳೆಯಬಾರದು. ಇದರಿಂದ ಜೋನ್ಸ್ ರಾಮನ್ನರ ಮಾರ್ಗದರ್ಶಕರಾಗುವುದಿಲ್ಲ. ಪ್ರಬಂಧದ ಒಂದು ವಾಕ್ಯಕ್ಕೂ ಅವರು ಹೊಣೆಯಲ್ಲ. ಅದೇ ಅಭ್ಯಾಸ ಮಾಡಿದ ಇತರರ ಕಣ್ಣ ಮುಂದೆಯೂ ಆ ಪಟ್ಟೆಗಳು ಇದ್ದಿರಬಹುದು. ಅವು ಹೀಗೇಕೆ ಎಂದು ಕೇಳಿದವರು ರಾಮನ್. ಹಸ್ತಪ್ರತಿಯ ವಿಷಯದಲ್ಲಿ ಜೋನ್ಸ್ ಮೌನವನ್ನು ಉದಾರತೆ ಎನ್ನಲೂ ನಾನು ಸಿದ್ಧನಿಲ್ಲ. ಒಂದು ಪ್ರಬಂಧದಿಂದ ಇಡೀ ವಿದ್ಯಾಭ್ಯಾಸದ ಸ್ವರೂಪ ಹೇಳುವುದೂ ಕಷ್ಟ. ಆದರೂ 1907ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ, ದ್ರವಗಳ ಮೇಲ್ಮೈ ಸೆಳೆತವನ್ನು ಅಳೆಯುವ ಬಗೆಗಿನ ಅವರ ಬರಹವೂ ಕಾಲೇಜು ಪ್ರಯೋಗಶಾಲೆಯ ಪರಿಚಿತ ವಿಷಯವೇ ಎಂಬುದನ್ನು ಗಮನಿಸಬೇಕು.

‘ಸ್ವಯಂಭೂ’ ಎಂಬ ವಿಶೇಷಣದಿಂದ ರಾಮನ್ ಅವರ ಹಿರಿಮೆ ಹೆಚ್ಚುವುದಿಲ್ಲ. ಆ ಕಾಲದ ಕಾಲೇಜು ಪ್ರಯೋಗಶಾಲೆ ಮಾತ್ರ ಚರಿತ್ರೆಯಿಂದ ಅಳಿಸಿಹೋಗುತ್ತದೆ. ಅದೇ ಮೇಜುಗಳಲ್ಲಿ ಅಭ್ಯಾಸ ಮಾಡಿದ ಅವರ ಸಹಪಾಠಿಗಳು ಏನು ಕಲಿತರು ಎಂಬ ಪ್ರಶ್ನೆ ಇನ್ನೂ ತೆರೆದಿದೆ. ಮದ್ರಾಸ್ ವಿಶ್ವವಿದ್ಯಾಲಯದ ಅಂದಿನ ಪ್ರಾಯೋಗಿಕ ಪಠ್ಯಕ್ರಮ, ಪರೀಕ್ಷಾ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಯುವ ಸಂಶೋಧಕರು ಅದನ್ನು ಕೈಗೆತ್ತಿಕೊಳ್ಳಬೇಕು.